ಸತ್ತ ಬೂಷ್ಟು ನೀರಿನಲ್ಲಿರುವ ಸೀಸವನ್ನು ಹಿಡಿಯುವುದು ಹೇಗೆ?

ನೀರಿಗೆ ಸೇರುವ ಹೆಚ್ಚಿನ ಕೊಳೆ ಒಂದಲ್ಲ ಒಂದು ದಿನ ಕೊಳೆತು ಹೋಗುತ್ತದೆ. ಚರಂಡಿ ನೀರಿನ ಕಸವನ್ನು ಬ್ಯಾಕ್ಟೀರಿಯಾ ತಿಂದು ಮುಗಿಸುತ್ತವೆ. ಲೋಹದ ಕತೆ ಹಾಗಲ್ಲ. ಸೀಸವನ್ನು ಸುಟ್ಟರೂ ಹೂತರೂ ಅದು ಸೀಸವೇ. ಕ್ಯಾಡ್ಮಿಯಂ ನದಿಗೆ ಹೋದರೆ ಅಲ್ಲಿಂದ ಗದ್ದೆಗೆ, ಗದ್ದೆಯಿಂದ ಅನ್ನಕ್ಕೆ, ಅನ್ನದಿಂದ ಮೂಳೆ ಮತ್ತು ಮೂತ್ರಪಿಂಡಕ್ಕೆ ಹೋಗುತ್ತದೆ. ಜಪಾನಿನ ಜಿನ್ಜು ನದಿಯ ಕಣಿವೆಯಲ್ಲಿ ಹೀಗೇ ಆಯಿತು. ಗಣಿಯಿಂದ ಬಂದ ಕ್ಯಾಡ್ಮಿಯಂ ಜನರ ಮೂಳೆಗಳನ್ನು ಎಷ್ಟು ಪೊಳ್ಳು ಮಾಡಿತೆಂದರೆ, ನೋವಿನ ಕೂಗೇ ಆ ಕಾಯಿಲೆಗೆ ಹೆಸರಾಯಿತು: ಇತಾಯ್ ಇತಾಯ್. ಅದೇ ದೇಶದ ಮಿನಮಾಟದಲ್ಲಿ ಪಾದರಸದ ವಿಷದಿಂದ ಬಂದ ಕಾಯಿಲೆ 1956ರಲ್ಲಿ ಬೆಳಕಿಗೆ ಬಂತು.

ಇಂಥ ಲೋಹಗಳು ಕುಡಿಯುವ ನೀರಿನಲ್ಲಿ ಎಷ್ಟಿದ್ದರೆ ಪರವಾಗಿಲ್ಲ? ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯ ಪ್ರಕಾರ ಒಂದು ಲೀಟರಿಗೆ ಸೀಸ 10 ಮೈಕ್ರೊಗ್ರಾಂ, ಕ್ಯಾಡ್ಮಿಯಂ 3 ಮೈಕ್ರೊಗ್ರಾಂ. ಒಂದು ಮೈಕ್ರೊಗ್ರಾಂ ಎಂದರೆ ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಭಾಗ. ಈ ಅಳತೆಯನ್ನು ನೆನಪಿಟ್ಟುಕೊಳ್ಳಿ. ಬೂಷ್ಟಿನ ಶಕ್ತಿ ಎಷ್ಟು, ಮಿತಿ ಎಷ್ಟು ಎಂದು ಅಳೆಯುವಾಗ ಇದೇ ಬೇಕಾಗುತ್ತದೆ.

ಲೋಹ ಲೇಪನದ ಘಟಕ, ಬ್ಯಾಟರಿ ಕಾರ್ಖಾನೆ, ಗಣಿ ಇಂಥ ಕಡೆ ಈಗ ಸಾಮಾನ್ಯವಾಗಿ ಮಾಡುವುದು ಒಂದೇ ಕೆಲಸ. ನೀರಿಗೆ ಸುಣ್ಣ ಅಥವಾ ಕಾಸ್ಟಿಕ್ ಸೋಡಾ ಹಾಕಿ ಲೋಹವನ್ನು ಗಸಿಯಾಗಿ ತಳಕ್ಕೆ ಇಳಿಸುತ್ತಾರೆ. ಅಗ್ಗದ ವಿಧಾನ, ನಂಬಿಕಸ್ತ ವಿಧಾನ. ಆದರೆ ಲೋಹ ಕಡಿಮೆಯಾಗುತ್ತಾ ಹೋದ ಹಾಗೆ ಸುಣ್ಣದ ಕೈ ಸೋಲುತ್ತದೆ. ಒಂದೊಂದು ಲೋಹ ಒಂದೊಂದು ಪಿಎಚ್‌ನಲ್ಲಿ, ಅಂದರೆ ನೀರಿನ ಹುಳಿ-ಕ್ಷಾರದ ಒಂದೊಂದು ಮಟ್ಟದಲ್ಲಿ, ಚೆನ್ನಾಗಿ ಕೂರುತ್ತದೆ. ಕ್ಯಾಡ್ಮಿಯಂ ಇಳಿಯಲಿ ಎಂದು ಕ್ಷಾರ ಜಾಸ್ತಿ ಮಾಡಿದರೆ, ಆಗಲೇ ಇಳಿದಿದ್ದ ಕ್ರೋಮಿಯಂ ಮತ್ತು ಸತು ಮತ್ತೆ ಕರಗತೊಡಗುತ್ತವೆ. ಕೊನೆಗೆ ಲೀಟರಿಗೆ ಕೆಲವೇ ಮಿಲಿಗ್ರಾಂ ಲೋಹ ಉಳಿದ ನೀರು, ಅದರ ಜೊತೆಗೆ ರಾಶಿ ರಾಶಿ ಕೆಸರು. ಆ ಉಳಿದ ಲೋಹವನ್ನು ತೆಗೆಯಲು ಅಯಾನು ವಿನಿಮಯದ ರಾಳಗಳಿವೆ (ವಿದ್ಯುದಂಶ ಹೊತ್ತ ಕಣಗಳನ್ನು, ಅಂದರೆ ಅಯಾನುಗಳನ್ನು, ಅದಲುಬದಲು ಮಾಡಿ ಲೋಹ ಹಿಡಿಯುವ ಪ್ಲಾಸ್ಟಿಕ್ ಮಣಿಗಳು), ಆರ್‌ಒ ಇದೆ. ಕೆಲಸ ಚೆನ್ನಾಗಿ ಮಾಡುತ್ತವೆ, ದುಡ್ಡೂ ಚೆನ್ನಾಗಿಯೇ ಕೇಳುತ್ತವೆ.

ಈ ಕೊನೆಯ ಹಂತದಲ್ಲೇ ಬೂಷ್ಟಿನ ವಿಷಯ ಬರುವುದು.

ಕಾರ್ಖಾನೆಯ ಹಿಂಬಾಗಿಲಿನ ಹಿಂಡಿ

ತಂಪು ಪಾನೀಯದ ಹುಳಿಗೆ ಬಳಸುವ ಸಿಟ್ರಿಕ್ ಆಮ್ಲ ನಿಂಬೆಹಣ್ಣಿನಿಂದ ಬರುತ್ತದೆ ಎಂದು ತುಂಬ ಜನ ಅಂದುಕೊಂಡಿದ್ದಾರೆ. ಒಂದು ಕಾಲದಲ್ಲಿ ಅದು ನಿಜವೂ ಆಗಿತ್ತು. 1917ರಲ್ಲಿ ಜೇಮ್ಸ್ ಕರಿ ಎಂಬ ಅಮೆರಿಕದ ವಿಜ್ಞಾನಿ, ಆಸ್ಪರ್ಜಿಲಸ್ ನೈಜರ್ ಎಂಬ ಕಪ್ಪು ಬೂಷ್ಟು ಸಕ್ಕರೆಯನ್ನು ತಿಂದು ಧಾರಾಳವಾಗಿ ಸಿಟ್ರಿಕ್ ಆಮ್ಲ ಮಾಡುತ್ತದೆ ಎಂದು ತೋರಿಸಿದರು. ಎರಡೇ ವರ್ಷದಲ್ಲಿ ಫೈಝರ್ ಕಂಪನಿ ಆ ದಾರಿ ಹಿಡಿಯಿತು. ಇವತ್ತು ಜಗತ್ತಿನಲ್ಲಿ ವರ್ಷಕ್ಕೆ 20 ಲಕ್ಷ ಟನ್‌ಗೂ ಜಾಸ್ತಿ ಸಿಟ್ರಿಕ್ ಆಮ್ಲ ತಯಾರಾಗುತ್ತದೆ. ಅದರಲ್ಲಿ ಬಹುಪಾಲು ಬೂಷ್ಟಿನ ಕೆಲಸ.

ಆಮ್ಲವನ್ನು ಸೋಸಿ ತೆಗೆದ ಮೇಲೆ ಬೂಷ್ಟಿನ ಎಳೆಗಳು ಉಳಿಯುತ್ತವೆ, ಒದ್ದೆ ಹಿಂಡಿಯ ಹಾಗೆ. ಪೆನ್ಸಿಲಿನ್ ಮಾಡುವ ಕಡೆ ಪೆನಿಸಿಲಿಯಂ ಉಳಿಯುತ್ತದೆ. ಕಿಣ್ವ ಮಾಡುವ ಕಡೆ ಇನ್ನೊಂದು ಬೂಷ್ಟು. ಇದನ್ನೆಲ್ಲ ಸುಡಬೇಕು, ಹೂಳಬೇಕು, ಗೊಬ್ಬರ ಮಾಡಬೇಕು, ಅಥವಾ ಬೇರೆ ಏನಾದರೂ ಉಪಯೋಗ ಹುಡುಕಬೇಕು. ಒಂದು ಕಾರ್ಖಾನೆಗೆ ಬೇಡವಾದದ್ದು ಇನ್ನೊಂದು ಕಾರ್ಖಾನೆಯ ನೀರನ್ನು ತೊಳೆಯುವುದಾದರೆ ಎಷ್ಟು ಚೆನ್ನ, ಅಲ್ವಾ? ಕಳೆದ ನಾಲ್ಕು ದಶಕಗಳಿಂದ ನಡೆದಿರುವ ಸಂಶೋಧನೆಯ ಹಿಂದೆ ಇರುವುದು ಇದೇ ಆಸೆ.

ಆಸೆಗೆ ದೊಡ್ಡ ಬಲ ಬಂದದ್ದು 1981ರಲ್ಲಿ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಮಾರಿಯೋಸ್ ತ್ಸೆಜೋಸ್ ಮತ್ತು ಬೋಹುಮಿಲ್ ವೋಲೆಸ್ಕಿ ಹಲವು ಬಗೆಯ ಸೂಕ್ಷ್ಮಜೀವಿಗಳನ್ನು ಒಣಗಿಸಿ, ಯುರೇನಿಯಂ ಮತ್ತು ಥೋರಿಯಂ ಕರಗಿದ ನೀರಿಗೆ ಹಾಕಿ ನೋಡಿದರು. ರೈಜೋಪಸ್ ಅರೈಜಸ್ ಎಂಬ ಬೂಷ್ಟು ಎಲ್ಲವನ್ನೂ ಹಿಂದೆ ಹಾಕಿತು. ಪಿಎಚ್ 4ರಲ್ಲಿ ಒಂದು ಗ್ರಾಂ ಒಣ ಬೂಷ್ಟು 180 ಮಿಲಿಗ್ರಾಂಗೂ ಜಾಸ್ತಿ ಯುರೇನಿಯಂ ಹಿಡಿದಿತ್ತು. ಅಂದರೆ ತನ್ನ ತೂಕದ ಆರನೇ ಒಂದು ಭಾಗಕ್ಕಿಂತ ಹೆಚ್ಚು. ಗಮನಿಸಬೇಕಾದದ್ದು, ಆ ಬೂಷ್ಟು ಸತ್ತಿತ್ತು.

ಜೀವವಿಲ್ಲದಿದ್ದರೂ ಹಿಡಿತವಿದೆ

ಬದುಕಿರುವ ಬೂಷ್ಟೂ ಲೋಹ ಹೀರುತ್ತದೆ. ಆದರೆ ಅದಕ್ಕೆ ಊಟ ಹಾಕಬೇಕು, ಅದರ ಹದಕ್ಕೆ ನೀರನ್ನು ಇಡಬೇಕು, ಲೋಹ ಜಾಸ್ತಿಯಾದರೆ ಅದೇ ಸಾಯುತ್ತದೆ. ಸತ್ತ ಬೂಷ್ಟಿಗೆ ಈ ಯಾವ ಗೋಜೂ ಇಲ್ಲ. ಲೋಹವನ್ನು ಹಿಡಿಯುವ ಕೆಲಸ ನಡೆಯುವುದು ಅದರ ಕೋಶದ ಹೊರಗೋಡೆಯಲ್ಲಿ. ಆ ಗೋಡೆ ಜೀವ ಹೋದ ಮೇಲೂ ಗಟ್ಟಿಯಾಗಿ ಉಳಿಯುತ್ತದೆ.

ಗೋಡೆಯಲ್ಲಿ ಏನಿದೆ? ಮುಖ್ಯವಾಗಿ ಗ್ಲೂಕಾನ್ ಎಂಬ ಸಕ್ಕರೆ ಸರಪಳಿಗಳು, ಮತ್ತು ಏಡಿ, ಸಿಗಡಿಗಳ ಚಿಪ್ಪಿನಲ್ಲೂ ಇರುವ ಕೈಟಿನ್. ರೈಜೋಪಸ್ ಗುಂಪಿನ ಬೂಷ್ಟುಗಳಲ್ಲಿ ಕೈಟಿನ್‌ನ ತಮ್ಮನಾದ ಕೈಟೊಸಾನ್ ಕೂಡ ಇರುತ್ತದೆ. ಇವುಗಳ ನಡುವೆ ಪ್ರೋಟೀನು. ಈ ಸರಪಳಿಗಳ ಉದ್ದಕ್ಕೂ ಕಾರ್ಬಾಕ್ಸಿಲ್, ಅಮೈನ್, ಫಾಸ್ಫೇಟ್ ಎಂಬ ಪುಟ್ಟ ಪುಟ್ಟ ರಾಸಾಯನಿಕ ಗುಂಪುಗಳಿವೆ. ನೀರಿನಲ್ಲಿ ಕರಗಿದ ಸೀಸ, ತಾಮ್ರ, ಕ್ಯಾಡ್ಮಿಯಂ ಧನ ವಿದ್ಯುದಂಶ ಹೊತ್ತ ಅಯಾನುಗಳು. ಕಾರ್ಬಾಕ್ಸಿಲ್ ಗುಂಪಿನದು ಋಣ ವಿದ್ಯುದಂಶ, ಹಾಗಾಗಿ ಸೆಳೆಯುತ್ತದೆ. ಅಮೈನ್ ಗುಂಪಿನ ನೈಟ್ರೋಜನ್ ತನ್ನಲ್ಲಿರುವ ಒಂದು ಜೊತೆ ಎಲೆಕ್ಟ್ರಾನುಗಳನ್ನು ಲೋಹದ ಜೊತೆ ಹಂಚಿಕೊಂಡು ಬಂಧ ಕಟ್ಟುತ್ತದೆ. ಈ ಒಟ್ಟು ಕೆಲಸಕ್ಕೆ ಬಯೋಸಾರ್ಪ್ಶನ್, ಅಂದರೆ ಜೈವಿಕ ಹೀರಿಕೆ ಎನ್ನುತ್ತಾರೆ.

ಇದನ್ನೆಲ್ಲ ಕಣ್ಣಿನಿಂದ ನೋಡಲಾಗದು. ಹಾಗಾದರೆ ಯಾವ ಗುಂಪು ಕೆಲಸ ಮಾಡುತ್ತಿದೆ ಎಂದು ಗೊತ್ತಾಗುವುದು ಹೇಗೆ? ಕೆನಡಾದ ರಿಜೈನಾದಲ್ಲಿ ಕಪೂರ್ ಮತ್ತು ವೀರರಾಘವನ್ ಎಂಬ ಇಬ್ಬರು 1990ರ ದಶಕದಲ್ಲಿ ಮಾಡಿದ ಪ್ರಯೋಗ ನನಗೆ ತುಂಬ ಇಷ್ಟ. ಅವರು ಆಸ್ಪರ್ಜಿಲಸ್ ನೈಜರ್‌ನ ಒಂದೊಂದು ಬಗೆಯ ಗುಂಪನ್ನು ಬೇಕೆಂದೇ ಮುಚ್ಚಿದರು. ಮೆಥನಾಲ್ ಮತ್ತು ಆಮ್ಲದ ಜೊತೆ ಸೇರಿಸಿ ಕಾರ್ಬಾಕ್ಸಿಲ್‌ನ ಬಾಯಿ ಕಟ್ಟಿದರು. ಇನ್ನೊಂದು ಭಾಗದಲ್ಲಿ ಅಮೈನ್ ಗುಂಪನ್ನು ಮಾರ್ಪಡಿಸಿದರು. ಮತ್ತೊಂದರಲ್ಲಿ ಕೊಬ್ಬನ್ನು ತೆಗೆದರು. ಆಮೇಲೆ ಪ್ರತಿಯೊಂದನ್ನೂ ಲೋಹದ ನೀರಿಗೆ ಹಾಕಿದರು. ಕಾರ್ಬಾಕ್ಸಿಲ್ ಮತ್ತು ಅಮೈನ್ ಮುಚ್ಚಿದಾಗ ಹೀರಿಕೆ ಬಿದ್ದುಹೋಯಿತು. ಕೊಬ್ಬು ತೆಗೆದಾಗ ಹೇಳಿಕೊಳ್ಳುವಂಥ ವ್ಯತ್ಯಾಸವಾಗಲಿಲ್ಲ. ಇನ್ನೊಂದು ಸುಳಿವೂ ಸಿಕ್ಕಿತು. ಲೋಹ ಬೂಷ್ಟಿಗೆ ಅಂಟುತ್ತಿದ್ದ ಹಾಗೆ ಬೂಷ್ಟಿನಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂ ನೀರಿಗೆ ಬಂದವು. ಒಂದು ಒಳಗೆ, ಇನ್ನೊಂದು ಹೊರಗೆ. ಸುಮ್ನೆ ಮೇಲೆ ಅಂಟಿಕೊಳ್ಳುವುದಷ್ಟೇ ಆಗಿದ್ದರೆ ಹೀಗೆ ಆಗುತ್ತಿರಲಿಲ್ಲ. ಇಲ್ಲಿ ಅಯಾನುಗಳ ಅದಲುಬದಲು ನಡೆಯುತ್ತಿದೆ.

ಪ್ರಯೋಗಾಲಯದಲ್ಲಿ ಬೂಷ್ಟನ್ನು ಸಜ್ಜು ಮಾಡುವ ಕೆಲಸ ಸರಳ. ಹಿಂಡಿಯನ್ನು ತೊಳೆಯುತ್ತಾರೆ, ದುರ್ಬಲ ಕಾಸ್ಟಿಕ್ ಸೋಡಾದಲ್ಲಿ ಸ್ವಲ್ಪ ಹೊತ್ತು ಕುದಿಸುತ್ತಾರೆ, ಮತ್ತೆ ತೊಳೆದು ಒಣಗಿಸಿ, ಪುಡಿ ಮಾಡಿ ಜರಡಿ ಹಿಡಿಯುತ್ತಾರೆ. ಕುದಿಸುವುದರಿಂದ ಗೋಡೆಗೆ ಅಡ್ಡವಾಗಿದ್ದ ಪ್ರೋಟೀನು, ಕೊಬ್ಬು ಕಳಚುತ್ತವೆ. ಕ್ಷಾರ ಗಟ್ಟಿಯಾಗಿದ್ದರೆ ಕೈಟಿನ್‌ನ ಒಂದಿಷ್ಟು ಭಾಗದಲ್ಲಿ ಅಮೈನ್ ಗುಂಪುಗಳ ಮೇಲಿನ ಮುಚ್ಚಳವೂ ಕಳಚಿ ಅವು ಲೋಹ ಹಿಡಿಯಲು ತೆರೆದುಕೊಳ್ಳುತ್ತವೆ. ಹಲವು ಲೋಹಗಳ ಮಟ್ಟಿಗೆ ಕುದಿಸಿದ ಬೂಷ್ಟು ಹಸಿ ಬೂಷ್ಟಿಗಿಂತ ಚೆನ್ನಾಗಿ ಹಿಡಿಯುತ್ತದೆ.

ಪಿಎಚ್ ಎಂಬ ಯಜಮಾನ

ನೀರು ತುಂಬ ಹುಳಿಯಾಗಿದ್ದರೆ, ಅಂದರೆ ಪಿಎಚ್ 2ರ ಆಸುಪಾಸಿನಲ್ಲಿದ್ದರೆ, ಅದರಲ್ಲಿ ಹೈಡ್ರೋಜನ್ ಅಯಾನುಗಳ ಜಾತ್ರೆಯೇ ಇರುತ್ತದೆ. ಗೋಡೆಯ ಮೇಲಿನ ಜಾಗವನ್ನೆಲ್ಲ ಅವೇ ಹಿಡಿಯುತ್ತವೆ, ಲೋಹಕ್ಕೆ ಉಳಿಯುವುದಿಲ್ಲ. ಪಿಎಚ್ 4ರಿಂದ 6ರ ನಡುವೆ ಸೀಸ, ತಾಮ್ರ, ಕ್ಯಾಡ್ಮಿಯಂ ಚೆನ್ನಾಗಿ ಅಂಟುತ್ತವೆ. ಅದಕ್ಕಿಂತ ಮೇಲೆ ಹೋದರೆ ಲೋಹ ತಾನಾಗಿಯೇ ಗಸಿಯಾಗತೊಡಗುತ್ತದೆ. ಆಗ ನೀರಿನಿಂದ ಲೋಹವನ್ನು ತೆಗೆದದ್ದು ಬೂಷ್ಟೋ, ಕ್ಷಾರವೋ ಎಂದು ಹೇಳುವುದೇ ಕಷ್ಟ. ಬೂಷ್ಟು ಹಾಕದ ಇನ್ನೊಂದು ಪಾತ್ರೆಯನ್ನು ಪಕ್ಕದಲ್ಲಿಟ್ಟು ಹೋಲಿಸದ ಪ್ರಯೋಗವನ್ನು ನಾನಂತೂ ನಂಬುವುದಿಲ್ಲ.

ಕ್ರೋಮಿಯಂ ಮಾತ್ರ ಇದಕ್ಕೆ ತದ್ವಿರುದ್ಧ. ಅದರ ವಿಷಕಾರಿ ರೂಪವಾದ ಆರು ವೇಲೆನ್ಸಿಯ ಕ್ರೋಮಿಯಂ ನೀರಿನಲ್ಲಿ ಕ್ರೋಮೇಟ್ ಆಗಿ, ಋಣ ವಿದ್ಯುದಂಶ ಹೊತ್ತು ಓಡಾಡುತ್ತದೆ. ಹುಳಿ ನೀರಿನಲ್ಲಿ ಬೂಷ್ಟಿನ ಅಮೈನ್ ಗುಂಪುಗಳು ಧನ ವಿದ್ಯುದಂಶ ಪಡೆದು ಅದನ್ನು ಸೆಳೆಯುತ್ತವೆ. ಕತೆ ಇಲ್ಲಿಗೇ ಮುಗಿಯಿತು ಎಂದು ತುಂಬ ಜನ ಬರೆದಿದ್ದರು. 2005ರಲ್ಲಿ ದಕ್ಷಿಣ ಕೊರಿಯಾದ ಸಂಶೋಧಕರು ಸತ್ತ ಆಸ್ಪರ್ಜಿಲಸ್ ನೈಜರ್ ಬಳಸಿ ತೋರಿಸಿದ್ದು ಬೇರೆ. ಬೂಷ್ಟು ಆರು ವೇಲೆನ್ಸಿಯ ಕ್ರೋಮಿಯಂಗೆ ಎಲೆಕ್ಟ್ರಾನು ಕೊಟ್ಟು ಅದನ್ನು ಮೂರು ವೇಲೆನ್ಸಿಯ ಕ್ರೋಮಿಯಂ ಆಗಿ ಬದಲಾಯಿಸುತ್ತಿತ್ತು. ಈ ರೂಪದ ವಿಷ ತುಂಬ ಕಡಿಮೆ, ನಿಜ. ಆದರೆ ಹುಳಿ ನೀರಿನಲ್ಲಿ ಅದು ಬೂಷ್ಟಿಗೆ ಅಂಟದೆ ನೀರಿನಲ್ಲೇ ಉಳಿಯಬಹುದು. ಆರು ವೇಲೆನ್ಸಿಯದನ್ನು ಮಾತ್ರ ಅಳೆದವರಿಗೆ ನೂರಕ್ಕೆ ನೂರು ತೆಗೆದ ಹಾಗೆ ಕಾಣುತ್ತದೆ. ಒಟ್ಟು ಕ್ರೋಮಿಯಂ ಅಳೆದರೆ ನಿಜ ಸಂಗತಿ ಗೊತ್ತಾಗುತ್ತದೆ.

ಒಂದು ಗ್ರಾಂ ಎಷ್ಟು ಹಿಡಿಯುತ್ತದೆ ಎಂಬ ಲೆಕ್ಕ

ಈ ವಿಷಯದ ಲೇಖನಗಳಲ್ಲಿ ಎದ್ದು ಕಾಣುವ ಸಂಖ್ಯೆ ಒಂದೇ. ಒಂದು ಗ್ರಾಂ ಬೂಷ್ಟು ಇಷ್ಟು ಮಿಲಿಗ್ರಾಂ ಲೋಹ ಹಿಡಿಯಿತು ಎಂಬುದು. ಆ ಸಂಖ್ಯೆ ಸುಳ್ಳಲ್ಲ. ಆದರೆ ಅದೊಂದನ್ನೇ ನೋಡಿದರೆ ದಾರಿ ತಪ್ಪುತ್ತೇವೆ. ಇದನ್ನು ಸ್ವಲ್ಪ ನಿಧಾನವಾಗಿ ಬಿಡಿಸಿ ನೋಡೋಣ.

ಗೋಡೆಯ ಮೇಲಿನ ಗುಂಪುಗಳನ್ನು ಬಸ್ಸಿನ ಸೀಟುಗಳು ಅಂದುಕೊಳ್ಳಿ. ನಿಲ್ದಾಣದಲ್ಲಿ ಜನ ಕಿಕ್ಕಿರಿದಿದ್ದರೆ ಸೀಟೆಲ್ಲ ತುಂಬುತ್ತದೆ. ನಾಲ್ಕೇ ಜನ ಇದ್ದರೆ ಹೆಚ್ಚಿನ ಸೀಟು ಖಾಲಿ. ಲೋಹದ ಅಯಾನುಗಳು ಒಮ್ಮೆ ಕೂತರೆ ಮುಗಿಯಿತು ಎಂದೇನಿಲ್ಲ. ಏಳುತ್ತಿರುತ್ತವೆ, ಕೂರುತ್ತಿರುತ್ತವೆ. ಏಳುವುದೂ ಕೂರುವುದೂ ಸಮವಾದಾಗ ಒಂದು ಸಮತೋಲನ ಬರುತ್ತದೆ. ಆಗ ಎಷ್ಟು ಸೀಟು ತುಂಬಿರುತ್ತದೆ ಎಂಬುದು ನೀರಿನಲ್ಲಿ ಇನ್ನೂ ಎಷ್ಟು ಲೋಹ ಉಳಿದಿದೆ ಎಂಬುದರ ಮೇಲೆ ನಿಂತಿದೆ. ಇದರ ಸೂತ್ರವನ್ನು 1918ರಲ್ಲಿ ಇರ್ವಿಂಗ್ ಲ್ಯಾಂಗ್‌ಮ್ಯೂರ್ ಕೊಟ್ಟರು. 1932ರಲ್ಲಿ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ನಮ್ಮ ಬೂಷ್ಟು ಗ್ರಾಮಿಗೆ ಗರಿಷ್ಠ 40 ಮಿಲಿಗ್ರಾಂ ಸೀಸ ಹಿಡಿಯುತ್ತದೆ ಎನ್ನಿ. ನೀರಿನಲ್ಲಿ ಲೀಟರಿಗೆ 10 ಮಿಲಿಗ್ರಾಂ ಸೀಸ ಉಳಿದಿರುವಾಗ ಅರ್ಧ ಸೀಟು ತುಂಬಿರುತ್ತದೆ ಎನ್ನಿ. ಲ್ಯಾಂಗ್‌ಮ್ಯೂರ್ ಸೂತ್ರಕ್ಕೆ ಹಾಕಿದರೆ, 100 ಮಿಲಿಗ್ರಾಂ ಉಳಿದಿರುವಲ್ಲಿ ಬೂಷ್ಟಿನ ಹಿಡಿತ ಗ್ರಾಮಿಗೆ ಸುಮಾರು 36. ಒಂದು ಮಿಲಿಗ್ರಾಂ ಉಳಿದಿರುವಲ್ಲಿ ಬರೀ 3.6. ಕುಡಿಯುವ ನೀರಿನ ಮಿತಿಯಾದ 10 ಮೈಕ್ರೊಗ್ರಾಂ ಉಳಿದಿರುವಲ್ಲಿ 0.04. ಅದೇ ಬೂಷ್ಟು, ಅದೇ ಸೀಸ, ಹಿಡಿತ ಮಾತ್ರ ಸುಮಾರು ಸಾವಿರದಲ್ಲೊಂದು ಪಾಲು!

ಈಗ ಲೀಟರಿಗೆ 10 ಮಿಲಿಗ್ರಾಂ ಸೀಸವಿರುವ 1000 ಲೀಟರ್ ನೀರು ಇದೆ ಅಂದುಕೊಳ್ಳಿ. ಒಟ್ಟು 10 ಗ್ರಾಂ ಸೀಸ. ಗರಿಷ್ಠ ಸಂಖ್ಯೆಯನ್ನು ನಂಬಿ ಲೆಕ್ಕ ಹಾಕಿದರೆ 250 ಗ್ರಾಂ ಬೂಷ್ಟು ಸಾಕು. ಆದರೆ ನೀರನ್ನು ತೊಟ್ಟಿಗೆ ತುಂಬಿ, ಬೂಷ್ಟು ಸುರಿದು ಕಲಕಿ, ಒಂದೇ ಸಲಕ್ಕೆ 10 ಮೈಕ್ರೊಗ್ರಾಂಗೆ ಇಳಿಸಬೇಕೆಂದರೆ ಬೇಕಾಗುವುದು 250 ಕಿಲೋ. ಗ್ರಾಂ ಅಲ್ಲ, ಕಿಲೋ.

ಹಾಗಾದರೆ ಕೈಬಿಡಬೇಕೇ? ಬೇಡ. ಬೂಷ್ಟನ್ನು ಉದ್ದದ ಕೊಳವೆಯಲ್ಲಿ ತುಂಬಿ ನೀರನ್ನು ಅದರ ಮೂಲಕ ನಿಧಾನವಾಗಿ ಹರಿಸಿದರೆ ಲೆಕ್ಕ ಬದಲಾಗುತ್ತದೆ. ನೀರು ಒಳಬರುವ ತುದಿಯ ಬೂಷ್ಟು ಯಾವಾಗಲೂ 10 ಮಿಲಿಗ್ರಾಂ ಇರುವ ನೀರನ್ನೇ ಕಾಣುತ್ತದೆ, ಹಾಗಾಗಿ ಗ್ರಾಮಿಗೆ 20 ಮಿಲಿಗ್ರಾಂ ತುಂಬಿಕೊಳ್ಳುತ್ತದೆ. ಹೊರಹೋಗುವ ತುದಿಯಲ್ಲಿ ಇನ್ನೂ ಲೋಹ ಮುಟ್ಟದ ಬೂಷ್ಟು ಕಾಯುತ್ತಿರುತ್ತದೆ. ಎಲ್ಲ ಸರಿಯಾಗಿ ನಡೆದರೆ ಆ 1000 ಲೀಟರಿಗೆ ಸುಮಾರು ಅರ್ಧ ಕಿಲೋ ಸಾಕು. ಸಾಮಾನ್ಯವಾಗಿ ಅದಕ್ಕಿಂತ ಜಾಸ್ತಿಯೇ ಹಿಡಿಯುತ್ತದೆ, ಏಕೆಂದರೆ ತುಂಬಿದ ಭಾಗಕ್ಕೂ ಖಾಲಿ ಭಾಗಕ್ಕೂ ನಡುವಿನ ಗೆರೆ ಚೊಕ್ಕವಾಗಿರುವುದಿಲ್ಲ. ಆದರೂ 250 ಕಿಲೋಗೂ ಇದಕ್ಕೂ ಅಜಗಜಾಂತರ. ಪಾತ್ರೆಯಲ್ಲಿ ಕಲಕಿ ನೋಡಿದ ಪ್ರಯೋಗವೊಂದರಿಂದಲೇ ನೀರು ಶುದ್ಧೀಕರಣದ ಭರವಸೆ ಕೊಡಬಾರದು ಎನ್ನುವುದು ಈ ಕಾರಣಕ್ಕೆ. ಕೊಳವೆಯಲ್ಲಿ ಎಷ್ಟು ನೀರು ಹರಿದ ಮೇಲೆ ಲೋಹ ಆಚೆ ತುದಿಯಲ್ಲಿ ಇಣುಕಿತು ಎಂಬುದೇ ಕೇಳಬೇಕಾದ ಪ್ರಶ್ನೆ.

ಇದೇ ಲೆಕ್ಕದಲ್ಲಿ ಇನ್ನೊಂದು ಸಣ್ಣ ವಿಷಯವೂ ಇದೆ. ಒಂದು ಬೂಷ್ಟು 50 ಮಿಲಿಗ್ರಾಂ ಸೀಸ ಹಿಡಿಯಿತು, 15 ಮಿಲಿಗ್ರಾಂ ನಿಕ್ಕಲ್ ಹಿಡಿಯಿತು ಎಂದರೆ ಸೀಸವನ್ನೇ ಹೆಚ್ಚು ಇಷ್ಟಪಡುತ್ತದೆ ಅನ್ನಿಸುತ್ತದೆ. ಸೀಸದ ಪರಮಾಣು ತೂಕ 207, ನಿಕ್ಕಲ್‌ದು ಸುಮಾರು 59. ಪರಮಾಣುಗಳನ್ನು ಎಣಿಸಿದರೆ ಎರಡೂ ಹೆಚ್ಚುಕಡಿಮೆ ಸಮ. ಯುರೇನಿಯಂನ 180 ಮಿಲಿಗ್ರಾಂ ಅಷ್ಟು ದೊಡ್ಡದಾಗಿ ಕಾಣುವುದರಲ್ಲೂ ಆ ಪರಮಾಣುವಿನ ಭಾರದ ಪಾಲಿದೆ.

ಕಾರ್ಖಾನೆಯ ನೀರು ಪ್ರಯೋಗಾಲಯದ ನೀರಲ್ಲ

ಪ್ರಯೋಗಾಲಯದಲ್ಲಿ ಶುದ್ಧ ನೀರಿಗೆ ಒಂದೇ ಲೋಹದ ಲವಣ ಹಾಕುತ್ತಾರೆ. ಕಾರ್ಖಾನೆಯಿಂದ ಬರುವ ನೀರಿನಲ್ಲಿ ನಾಲ್ಕಾರು ಲೋಹ, ಸೋಪು, ಎಣ್ಣೆ, ಗಡಸು ನೀರಿನ ಕ್ಯಾಲ್ಸಿಯಂ ಎಲ್ಲ ಇರುತ್ತವೆ. ಲೀಟರಿಗೆ 100 ಮಿಲಿಗ್ರಾಂ ಕ್ಯಾಲ್ಸಿಯಂ, 1 ಮಿಲಿಗ್ರಾಂ ಸೀಸ ಇರುವ ನೀರಿನಲ್ಲಿ ಒಂದೊಂದು ಸೀಸದ ಅಯಾನಿಗೆ 500ಕ್ಕೂ ಜಾಸ್ತಿ ಕ್ಯಾಲ್ಸಿಯಂ ಅಯಾನುಗಳಿವೆ. ಸೀಸದ ಬಂಧ ಗಟ್ಟಿಯಾದದ್ದು, ಹಾಗಾಗಿ ಈ ಜನಜಂಗುಳಿಯಲ್ಲೂ ಅದು ಒಂದಿಷ್ಟು ಜಾಗ ಗಿಟ್ಟಿಸಿಕೊಳ್ಳುತ್ತದೆ. ಸತು, ನಿಕ್ಕಲ್‌ಗಳ ಪಾಡು ಕಷ್ಟ. ಲೋಹವನ್ನು ನೀರಿನಲ್ಲೇ ಬಿಗಿಯಾಗಿ ಹಿಡಿದಿಡುವ ಸಯನೈಡ್ ಅಥವಾ ಇಡಿಟಿಎ ಇದ್ದರಂತೂ ಬೂಷ್ಟಿನ ಕೈಗೆ ಲೋಹ ಸಿಗುವುದೇ ಅಪರೂಪ.

ಪುಡಿಯ ತೊಂದರೆ ಇನ್ನೊಂದು. ಒಣ ಬೂಷ್ಟಿನ ಪುಡಿ ಹಗುರ, ಮೆತ್ತಗೆ. ಕೊಳವೆಯಲ್ಲಿ ತುಂಬಿದರೆ ನೆನೆದು ಉಬ್ಬಿ ನೀರಿನ ದಾರಿಯನ್ನೇ ಮುಚ್ಚುತ್ತದೆ. ಹಾಗಾಗಿ ಅದನ್ನು ಆಲ್ಜಿನೇಟ್ ಅಥವಾ ಪಾಲಿಸಲ್ಫೋನ್‌ನಂಥ ವಸ್ತುವಿನಲ್ಲಿ ಸೇರಿಸಿ ಮಣಿಗಳನ್ನಾಗಿ ಮಾಡುತ್ತಾರೆ. ಮಣಿ ಗಟ್ಟಿ, ನೀರು ಸಲೀಸಾಗಿ ಹರಿಯುತ್ತದೆ. ಆದರೆ ಲೋಹ ಈಗ ಮಣಿಯ ಒಳಗೆ ನುಸುಳಿ ಬೂಷ್ಟನ್ನು ತಲುಪಬೇಕು. ಪುಡಿಯಲ್ಲಿ ನಿಮಿಷಗಳಲ್ಲಿ ಆಗುತ್ತಿದ್ದದ್ದು ಮಣಿಯಲ್ಲಿ ಗಂಟೆಗಳನ್ನು ಕೇಳುತ್ತದೆ. ಖರ್ಚೂ ಏರುತ್ತದೆ. ಪಾಚಿಯಿಂದ ಮಾಡಿದ ಆಲ್ಗಾಸಾರ್ಬ್, ಬ್ಯಾಕ್ಟೀರಿಯಾದಿಂದ ಮಾಡಿದ ಬಯೋಕ್ಲೈಮ್ ಎಂಬ ಇಂಥದ್ದೇ ಸರಕುಗಳು ಹಿಂದೆ ಮಾರುಕಟ್ಟೆಗೆ ಬಂದಿದ್ದವು. ಅಯಾನು ವಿನಿಮಯದ ರಾಳಗಳ ಎದುರು ಅವು ದೊಡ್ಡ ಮಾರುಕಟ್ಟೆ ಕಟ್ಟಿಕೊಳ್ಳಲಿಲ್ಲ. ರಾಳದ ಪ್ರತಿ ಚೀಲವೂ ಒಂದೇ ಗುಣದ್ದು. ಬೂಷ್ಟಿನ ಪ್ರತಿ ರಾಶಿಯ ಗುಣ ಅದು ಯಾವ ಸಕ್ಕರೆ ತಿಂದಿತ್ತು, ಎಷ್ಟು ದಿನ ಬೆಳೆದಿತ್ತು ಎಂಬುದರ ಮೇಲೆ ಬದಲಾಗುತ್ತದೆ.

ತ್ಯಾಜ್ಯ ಎಂದ ಮಾತ್ರಕ್ಕೆ ಪುಕ್ಕಟೆ ಎಂದೂ ಅಲ್ಲ. ಹಿಂಡಿಯಲ್ಲಿ ಹೆಚ್ಚಿನ ಪಾಲು ನೀರೇ. ಒಣಗಿಸಲು ಇಂಧನ ಬೇಕು, ಬಿಟ್ಟರೆ ಕೊಳೆಯುತ್ತದೆ, ದೂರ ಸಾಗಿಸಿದರೆ ನೀರಿನ ಭಾರಕ್ಕೇ ಬಾಡಿಗೆ ಕಟ್ಟಿದ ಹಾಗೆ. ಆಂಟಿಬಯಾಟಿಕ್ ಕಾರ್ಖಾನೆಯ ಬೂಷ್ಟಿನಲ್ಲಿ ಔಷಧದ ಉಳಿಕೆ ಇರುತ್ತದೆ. ಅದು ನೀರಿಗೆ ಸೇರಿದರೆ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಬೆಳೆಯುವ ಅಪಾಯವಿದೆ. ಚೀನಾ ಈ ಉಳಿಕೆಯನ್ನು ಅಪಾಯಕಾರಿ ತ್ಯಾಜ್ಯಗಳ ಪಟ್ಟಿಗೇ ಸೇರಿಸಿದೆ. ಸಿಟ್ರಿಕ್ ಆಮ್ಲದ ಬೂಷ್ಟು ಇದಕ್ಕಿಂತ ಎಷ್ಟೋ ಮೇಲು. ಅಲ್ಲೂ ಮೊಲಾಸಸ್ ಬಳಸುವ ಹಳೆಯ ವಿಧಾನದಲ್ಲಿ ಕಬ್ಬಿಣ ತೆಗೆಯಲು ಫೆರೊಸಯನೈಡ್ ಹಾಕುತ್ತಿದ್ದರು. ಹಾಗಾಗಿ ಹಿಂಡಿ ಎಲ್ಲಿಂದ ಬಂತು ಎಂದು ಕೇಳಲೇಬೇಕು.

ಹಿಡಿದ ಲೋಹ ಎಲ್ಲಿಗೆ?

ಬೂಷ್ಟು ಲೋಹವನ್ನು ಇಲ್ಲವಾಗಿಸುವುದಿಲ್ಲ. ದೊಡ್ಡ ನೀರಿನಿಂದ ಎತ್ತಿ ಸಣ್ಣ ರಾಶಿಗೆ ತರುತ್ತದೆ, ಅಷ್ಟೆ. ಆದರೆ ಅಷ್ಟಾದರೂ ದೊಡ್ಡ ಲಾಭ. ದುರ್ಬಲ ಹೈಡ್ರೋಕ್ಲೋರಿಕ್ ಅಥವಾ ನೈಟ್ರಿಕ್ ಆಮ್ಲ ಹರಿಸಿದರೆ ಹೈಡ್ರೋಜನ್ ಅಯಾನುಗಳು ಲೋಹವನ್ನು ಎಬ್ಬಿಸಿ ತಾವು ಕೂರುತ್ತವೆ. ಯುರೇನಿಯಂ ಆದರೆ ಸೋಡಿಯಂ ಬೈಕಾರ್ಬನೇಟ್ ಸಾಕು, ಅದು ಬೂಷ್ಟಿನ ಗೋಡೆಯನ್ನೂ ಅಷ್ಟಾಗಿ ಕೆಡಿಸುವುದಿಲ್ಲ. ಸಾವಿರ ಲೀಟರಿನಲ್ಲಿ ಚದುರಿದ್ದ ಲೋಹ ಕೆಲವೇ ಲೀಟರ್ ಆಮ್ಲಕ್ಕೆ ಇಳಿಯುತ್ತದೆ. ತಾಮ್ರ, ನಿಕ್ಕಲ್‌ನಂಥ ಬೆಲೆಯುಳ್ಳ ಲೋಹವನ್ನು ಅದರಿಂದ ಮತ್ತೆ ಪಡೆಯಬಹುದು. ಬೂಷ್ಟನ್ನು ತೊಳೆದು ಮತ್ತೆ ಬಳಸಬಹುದು, ಸುತ್ತಿನಿಂದ ಸುತ್ತಿಗೆ ಹಿಡಿತ ಸ್ವಲ್ಪ ಸ್ವಲ್ಪ ಕುಗ್ಗುತ್ತಾ ಹೋದರೂ. ಸವೆದ ಬೂಷ್ಟನ್ನು ಮಾತ್ರ ಗೊಬ್ಬರದ ಗುಂಡಿಗೆ ಹಾಕುವಂತಿಲ್ಲ. ಅದು ಈಗ ಲೋಹ ತುಂಬಿದ ತ್ಯಾಜ್ಯ. ಹೊಗೆಯನ್ನು ಹಿಡಿಯುವ ವ್ಯವಸ್ಥೆ ಇರುವ ಕುಲುಮೆಯಲ್ಲಿ ಸುಟ್ಟು ಬೂದಿಯಿಂದ ಲೋಹ ತೆಗೆಯಬಹುದು, ಇಲ್ಲವೇ ಅಪಾಯಕಾರಿ ತ್ಯಾಜ್ಯದ ಜಾಗಕ್ಕೇ ಕಳಿಸಬೇಕು. ಕ್ಯಾಡ್ಮಿಯಂ, ಪಾದರಸ ಕಾಯಿಸಿದರೆ ಆವಿಯಾಗಿ ಹಾರುವ ಲೋಹಗಳು. ಅವನ್ನು ಹಿಡಿದ ಬೂಷ್ಟನ್ನು ಬಯಲಿನಲ್ಲಿ ಸುಟ್ಟರೆ ನೀರಿನ ವಿಷ ಗಾಳಿಗೆ ಹೋಗುತ್ತದೆ.

ಇಷ್ಟೆಲ್ಲ ಮಿತಿ ಹೇಳಿದರೂ ನನಗೆ ಈ ವಿಷಯದಲ್ಲಿ ನಂಬಿಕೆ ಇದೆ. ಸುಣ್ಣದ ತೊಟ್ಟಿ ಮೊದಲು, ಅದರ ಹಿಂದೆ ಬೂಷ್ಟಿನ ಕೊಳವೆ, ಪಕ್ಕದಲ್ಲೇ ಹಿಂಡಿ ಸಿಗುವ ಕಾರ್ಖಾನೆ ಇದ್ದರೆ ಲೆಕ್ಕ ಕೂಡಿಬರಬಹುದು. ಇಡೀ ಬೂಷ್ಟಿನ ಬದಲು ಅದರಿಂದ ತೆಗೆದ ಕೈಟೊಸಾನ್ ಆಗಲೇ ಒಂದು ಕಡೆ ಈ ಕೆಲಸಕ್ಕೆ ಇಳಿದಿದೆ. 2009ರಲ್ಲಿ ಅಂತರರಾಷ್ಟ್ರೀಯ ದ್ರಾಕ್ಷಿ ಮತ್ತು ವೈನ್ ಸಂಸ್ಥೆ, ವೈನ್‌ನಲ್ಲಿರುವ ಕಬ್ಬಿಣ, ಸೀಸ, ಕ್ಯಾಡ್ಮಿಯಂ, ತಾಮ್ರವನ್ನು ಕಡಿಮೆ ಮಾಡಲು ಆಸ್ಪರ್ಜಿಲಸ್ ನೈಜರ್‌ನಿಂದ ಬಂದ ಕೈಟೊಸಾನ್ ಬಳಸಲು ಒಪ್ಪಿಗೆ ಕೊಟ್ಟಿತು. ವೈನ್ ಬೆಲೆಬಾಳುವ ಪಾನೀಯ, ಪ್ರಮಾಣ ಕಡಿಮೆ, ಶುದ್ಧ ಮಾಡಿದ ಕೈಟೊಸಾನ್‌ನ ಖರ್ಚನ್ನು ಅದು ತಡೆದುಕೊಳ್ಳುತ್ತದೆ. ಕೊಳೆ ನೀರಿಗೆ ಆ ತಾಕತ್ತಿಲ್ಲ. ಅದಕ್ಕೇ ಕೊಳೆ ನೀರಿನ ಮಟ್ಟಿಗೆ ಈಗ ಹುಡುಕಬೇಕಾದದ್ದು ಇನ್ನೂ ಹೆಚ್ಚು ಹಿಡಿಯುವ ಬೂಷ್ಟನ್ನಲ್ಲ, ಇರುವ ಬೂಷ್ಟಿನಿಂದ ಅಗ್ಗವಾಗಿ ಗಟ್ಟಿ ಮಣಿ ಮಾಡುವ ದಾರಿಯನ್ನು.

ಕೊನೆಗೊಂದು ಎಚ್ಚರಿಕೆ. ಮನೆಯಲ್ಲಿ ಬೂಷ್ಟು ಬೆಳೆಸಿ ಕುಡಿಯುವ ನೀರಿಗೆ ಹಾಕುವ ಸಾಹಸ ಖಂಡಿತ ಬೇಡ. ಎಷ್ಟೋ ಬೂಷ್ಟುಗಳು ತಾವೇ ವಿಷ ಮಾಡುತ್ತವೆ, ಅವುಗಳ ಬೀಜಕಣಗಳು ಶ್ವಾಸಕೋಶಕ್ಕೆ ಕೆಟ್ಟವು. ನೀರಿನಲ್ಲಿ ಸೀಸ ಇದೆ ಎಂಬ ಅನುಮಾನ ಇದ್ದರೆ ಮೊದಲು ಪ್ರಯೋಗಾಲಯದಲ್ಲಿ ನೀರನ್ನು ಪರೀಕ್ಷೆ ಮಾಡಿಸಿ. ಸೀಸಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕುದಿಸಿದರೂ ಅದು ಹೋಗುವುದಿಲ್ಲ.